ಮರಳ ಪದರದಲ್ಲಿ ಬಾವಿ ಕಟ್ಟುವವರು

ಬೆಂಗಳೂರು, ಕೋಲಾರದ ಕಡೆ ಬೋರ್ ಕೊರೆಸಿದವರಿಗೆಲ್ಲ ಈ ದೃಶ್ಯ ಗೊತ್ತು. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ರಿಗ್ ಲಾರಿ ಸೈಟಿನಲ್ಲಿ ನಿಲ್ಲುತ್ತದೆ, ಕಂಪ್ರೆಸರ್ ಗುಡುಗುತ್ತದೆ, ಕಲ್ಲಿನ ಪುಡಿ ಬೀದಿಯನ್ನೆಲ್ಲ ಬೆಳ್ಳಗೆ ಮಾಡುತ್ತದೆ. ಮೇಲಿನ ಸಡಿಲ ಮಣ್ಣಿಗಷ್ಟೇ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅದರ ಕೆಳಗೆ ಗಟ್ಟಿ ಕಲ್ಲಿನೊಳಗೆ ಬರಿಯ ತೂತು. ಕಲ್ಲು ಕುಸಿಯುವುದಿಲ್ಲ, ಹಾಗಾಗಿ ಬಿರುಕಿನಲ್ಲಿ ನೀರು ಸಿಕ್ಕರೆ ಮೋಟಾರು ಇಳಿಸಿದರಾಯಿತು. ಇದೇ ಅನುಭವವನ್ನು ನಂಬಿಕೊಂಡು ಅಹಮದಾಬಾದಿನಲ್ಲೋ ಸೂರತ್ತಿನಲ್ಲೋ ಮನೆ ಕಟ್ಟಿಸಲು ಹೊರಟ ಕನ್ನಡಿಗರು ಮೊದಲು ತಿಳಿಯಬೇಕಾದದ್ದು ಒಂದಿದೆ. ಅಲ್ಲಿ ಬೋರ್ ಕೊರೆಯುವುದು ಅರ್ಧ ಕೆಲಸ ಮಾತ್ರ. ಕೊರೆದ ತೂತಿನೊಳಗೆ ಬಾವಿಯನ್ನು ಕಟ್ಟಬೇಕು.

ಖಂಭಾತ್ ಕೊಲ್ಲಿಯಿಂದ ಉತ್ತರಕ್ಕೆ ಮೆಹ್ಸಾಣಾದ ಆಚೆಗೂ ಚಾಚಿದ ನೆಲ ಕೋಟ್ಯಂತರ ವರ್ಷಗಳಿಂದ ಕುಸಿಯುತ್ತ, ತುಂಬುತ್ತ ಬಂದದ್ದು. ಸಾಬರಮತಿ, ಮಹಿಯಂಥ ನದಿಗಳು ತಂದ ಮೆಕ್ಕಲು ಅದರ ಮೇಲಿನ ಹೊದಿಕೆ. ಕ್ಯಾಂಬೇ ಬೇಸಿನ್ ಎಂದು ಕರೆಯುವ ಈ ನೆಲದ ಆಳದ ಹಳೆಯ ಪದರಗಳಲ್ಲೇ 1960ರಲ್ಲಿ ಅಂಕಲೇಶ್ವರದ ಎಣ್ಣೆ ಸಿಕ್ಕಿತು. ಅದಕ್ಕೂ ಕೆಳಗೆ ನಮ್ಮ ವಿಜಯಪುರ, ಕಲಬುರಗಿ, ಬೀದರಿನವರು ಬಾವಿ ತೋಡುವಾಗ ಕಾಣುವ ಅದೇ ಕರಿಕಲ್ಲು, ಡೆಕ್ಕನ್ ಟ್ರ್ಯಾಪ್, ಇದೆ. ಆದರೆ ಅಹಮದಾಬಾದಿನ ಮನೆಯ ಬೋರ್ ಅಷ್ಟು ದೂರ ಹೋಗುವುದಿಲ್ಲ. ಅದು ಓಡಾಡುವುದೆಲ್ಲ ಮೆಕ್ಕಲಿನಲ್ಲಿ. ಮರಳು, ಜೇಡಿ, ಮತ್ತೆ ಮರಳು, ಮತ್ತೆ ಜೇಡಿ, ಒಂದರ ಮೇಲೊಂದು ಮಡಚಿಟ್ಟ ಕಂಬಳಿಗಳ ಹಾಗೆ. ನೀರಿರುವುದು ಮರಳಿನಲ್ಲಿ. ಒಂದು ಮರಳಿನ ನೀರು ಸಿಹಿ ಇದ್ದರೆ ಅದರ ಮೇಲಿನದೋ ಕೆಳಗಿನದೋ ಉಪ್ಪು ಇರಬಹುದು.

ಹೀಗಾಗಿ ಅಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಸೈಟಿನ ಯಾವ ಮೂಲೆಯಲ್ಲಿ ಕೊರೆದರೂ ಹೆಚ್ಚುಕಡಿಮೆ ಅದೇ ಪದರಗಳು ಸಿಗುತ್ತವೆ. ಯಾವ ಆಳದ ಪದರದಿಂದ ನೀರು ತೆಗೆಯಬೇಕು, ಯಾವುದನ್ನು ಮುಚ್ಚಿಬಿಡಬೇಕು ಎಂಬುದೇ ಅಲ್ಲಿನ ಪ್ರಶ್ನೆ.

ಕೆಲಸದ ಬಗೆಯೂ ಬೇರೆ. ಗಾಳಿಯ ಒತ್ತಡದಲ್ಲಿ ಕಲ್ಲು ಕುಟ್ಟುವ ನಮ್ಮ ಹ್ಯಾಮರ್ ರಿಗ್ಗಿಗೆ ಸಡಿಲ ಮರಳಿನಲ್ಲಿ ಕೆಲಸವಿಲ್ಲ, ಕೊರೆದಷ್ಟೂ ತೂತು ಕುಸಿಯುತ್ತದೆ. ಅಲ್ಲಿ ಬೇಕಾದದ್ದು ರೋಟರಿ ರಿಗ್. ಪಕ್ಕದಲ್ಲೊಂದು ಗುಂಡಿ ತೆಗೆದು, ಬೆಂಟೊನೈಟ್ ಜೇಡಿ ಕಲಸಿದ ಮಂದವಾದ ಕೆಸರುನೀರನ್ನು ಕೊರೆಯುವ ಪೈಪಿನೊಳಗಿಂದ ಕೆಳಕ್ಕೆ ತಳ್ಳುತ್ತಾರೆ. ಆ ಕೆಸರು ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ, ಹಿಂತಿರುಗಿ ಬರುವಾಗ ಆಳದ ಮರಳು-ಜೇಡಿಯನ್ನು ಮೇಲಕ್ಕೆ ತರುತ್ತದೆ. ಒಳ್ಳೆಯ ಕೆಲಸಗಾರ ಪ್ರತಿ ಹತ್ತಡಿಗೊಮ್ಮೆ ಈ ಮಣ್ಣನ್ನು ಹಿಡಿದು, ತೊಳೆದು, ಸಾಲಾಗಿ ಇಡುತ್ತಾನೆ. ಮರಳು ದಪ್ಪವೋ ಸಣ್ಣದೋ ಎಂದು ಬೆರಳಲ್ಲಿ ಉಜ್ಜಿ ನೋಡುತ್ತಾನೆ. ತೂತು ಮುಗಿದ ಮೇಲೆ ವಿದ್ಯುತ್ ಉಪಕರಣವೊಂದನ್ನು ಒಳಗಿಳಿಸಿ ಪ್ರತಿ ಪದರದ ರೋಧವನ್ನು ಅಳೆಯುತ್ತಾರೆ. ಇದಕ್ಕೆ ಲಾಗಿಂಗ್ ಎನ್ನುತ್ತಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಸಿಹಿನೀರಿನ ಮರಳಿನಲ್ಲಿ ತಡೆಯುತ್ತದೆ. ಹೀಗೆ ಸಿಹಿ ಎಲ್ಲಿದೆಯೆಂದು ತಿಳಿಯುತ್ತದೆ.

ನಂತರ ಕಟ್ಟುವ ಕೆಲಸ. ಸಿಹಿನೀರಿನ ಮರಳಿಗೆ ಎದುರಾಗಿ ಸೀಳುಗಳಿರುವ ಫಿಲ್ಟರ್ ಪೈಪು, ಉಳಿದೆಡೆ ಗಟ್ಟಿ ಪೈಪು ಬರುವಂತೆ ಜೋಡಿಸಿ ಇಳಿಸುತ್ತಾರೆ. ಪೈಪಿಗೂ ತೂತಿನ ಗೋಡೆಗೂ ನಡುವಿನ ಸಂದಿಗೆ ಸೋಸಿದ ಜಲ್ಲಿ ಸುರಿಯುತ್ತಾರೆ. ಉಪ್ಪಿನ ಪದರವಿದ್ದಲ್ಲಿ ಜೇಡಿ ಅಥವಾ ಸಿಮೆಂಟಿನಿಂದ ಬಿಗಿಯಾಗಿ ಮುಚ್ಚುತ್ತಾರೆ. ಇದೊಂದು ಸರಿಯಾಗದಿದ್ದರೆ ಮೇಲಿನ ಉಪ್ಪುನೀರು ಸಂದಿಯಲ್ಲಿಳಿದು ಕೆಳಗಿನ ಸಿಹಿಯನ್ನೂ ಕೆಡಿಸುತ್ತದೆ, ನಿಮ್ಮದಲ್ಲದೆ ಅಕ್ಕಪಕ್ಕದವರದ್ದನ್ನೂ. ಕೊನೆಗೆ ಕಂಪ್ರೆಸರಿನಿಂದ ಗಾಳಿ ಹೊಡೆದು, ಕೆಸರೆಲ್ಲ ಹೋಗಿ ಮರಳಿಲ್ಲದ ತಿಳಿನೀರು ಬರುವವರೆಗೆ ಬಾವಿ ತೊಳೆಯಬೇಕು. ಅವಸರ ಮಾಡುವವರು ಕೈ ಬಿಡುವುದು ಈ ಹಂತವನ್ನೇ. ಆಮೇಲೆ ಮೋಟಾರಿಗೆ ಮರಳು ಸಿಕ್ಕಿ ಸವೆಯುತ್ತದೆ, ಮನೆಯವರು ಮೋಟಾರು ಕಂಪನಿಯನ್ನು ಬೈಯುತ್ತಾರೆ.

ಅಹಮದಾಬಾದ್, ವಡೋದರಾ, ಸೂರತ್, ಈ ಮೂರು ಊರುಗಳ ನೆಲ ಒಂದೇ ಅಲ್ಲ. ಅಹಮದಾಬಾದಿನಲ್ಲಿ ದಪ್ಪ ಮೆಕ್ಕಲು. ಕಷ್ಟವಿರುವುದು ಇಳಿಯುತ್ತಿರುವ ನೀರಿನ ಮಟ್ಟ, ಹೆಚ್ಚಿದ ಲವಣ ಮತ್ತು ಫ್ಲೋರೈಡ್‌ನಲ್ಲಿ. ಉತ್ತರದ ಮೆಹ್ಸಾಣಾ ಕಡೆಯಂತೂ ಸಾವಿರ ಅಡಿಯ ಕೊಳವೆಬಾವಿ ಯಾರಿಗೂ ಅಚ್ಚರಿಯಲ್ಲ. ವಡೋದರಾದ ನಗರ ಭಾಗದಲ್ಲಿಯೂ ಮೆಕ್ಕಲೇ, ಆದರೆ ಪೂರ್ವಕ್ಕೆ ಪಾವಾಗಢದತ್ತ ಹೋದಂತೆ ಕಲ್ಲು ಮೇಲೆ ಬರುತ್ತದೆ, ರಿಗ್ ಬದಲಾಗುತ್ತದೆ. ಸೂರತ್ ತಾಪಿಯ ಅಳಿವೆಯ ಹತ್ತಿರದ ಊರು. ಹಜೀರಾ, ಓಲ್ಪಾಡ್ ಕಡೆ ಸಮುದ್ರದ ಉಪ್ಪು ನೆಲದೊಳಗೇ ನುಗ್ಗಿದೆ. ಕರಾವಳಿಯ ಲೆಕ್ಕ ಕಠಿಣವಾದದ್ದು. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ನಿಂತ ಸಿಹಿನೀರು ಕೆಳಗೆ ಸುಮಾರು ನಲವತ್ತು ಅಡಿ ಉಪ್ಪುನೀರನ್ನು ಒತ್ತಿ ಹಿಡಿದಿರುತ್ತದೆ. ಒಂದಡಿ ಸಿಹಿ ಎಳೆದು ಬರಿದು ಮಾಡಿದರೆ ಕೆಳಗಿನ ಉಪ್ಪು ಅಷ್ಟೂ ದೂರ ಮೇಲೇರಲು ಹೊರಡುತ್ತದೆ. ಸೂರತ್ತಿನಲ್ಲಿ ಇನ್ನೂ ಆಳಕ್ಕೆ ಹೋಗೋಣ ಎನ್ನುವ ಬೋರ್‌ನವರ ಮಾತಿಗೆ ಒಪ್ಪುವ ಮೊದಲು ಇದು ನೆನಪಿರಬೇಕು.

ಈ ನೆಲವನ್ನು ಅಲ್ಲಿನ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಅಡಾಲಜ್‌ನ ಐದು ಅಂತಸ್ತಿನ ವಾವ್, ಅಸಾರ್ವಾದ ದಾದಾ ಹರೀರ್ ವಾವ್ ಎರಡೂ ಮೇಲಿನ ಪದರದ ನೀರಿನವರೆಗೆ ಮೆಟ್ಟಿಲಿಳಿಸಿದ ಬಾವಿಗಳು. ಹಳೆಯ ಅಹಮದಾಬಾದಿನ ಪೋಳ್ ಎಂಬ ಕೇರಿಗಳ ಮನೆಗಳಲ್ಲಿ ಅಂಗಳದ ಕೆಳಗೆ ಟಾಂಕಾ ಎಂಬ ತೊಟ್ಟಿ ಇರುತ್ತಿತ್ತು. ಚಾವಣಿಯ ಮಳೆನೀರು ಅಲ್ಲಿ ಕತ್ತಲಲ್ಲಿ ಕೂತು ವರ್ಷವಿಡೀ ಕುಡಿಯಲು ಒದಗುತ್ತಿತ್ತು. ನೆಲದ ನೀರು ಉಪ್ಪಿರುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುವುದಿಲ್ಲ. ಇಂದು ಈ ನಗರಗಳು ಕುಡಿಯುವುದು ಹೆಚ್ಚಾಗಿ ನದಿಯ ನೀರು: ಅಹಮದಾಬಾದಿಗೆ ನರ್ಮದಾ ಕಾಲುವೆ, ವಡೋದರಾಕ್ಕೆ ಮಹಿ ನದಿಪಾತ್ರದ ಫ್ರೆಂಚ್ ಬಾವಿಗಳು ಮತ್ತು ಅಜವಾ ಕೆರೆ, ಸೂರತ್ತಿಗೆ ತಾಪಿ. ನಲ್ಲಿ ಬರುವ ಬಡಾವಣೆಯಲ್ಲಿ ಸೈಟು ಕೊಂಡವರು ಬೋರ್ ನಿಜಕ್ಕೂ ಬೇಕೇ ಎಂದು ಮೊದಲು ಯೋಚಿಸಲಿ. ಅದೇ ದುಡ್ಡಿನಲ್ಲಿ ಟಾಂಕಾ ಕಟ್ಟಿಸಬಹುದು.

ಬೇಕೇ ಬೇಕೆಂದಾದರೆ, ಅಡಿಗೆ ಇಷ್ಟು ರೂಪಾಯಿ ಎಂಬ ಒಂದೇ ದರ ಹೇಳುವವರನ್ನು ನಂಬಬೇಡಿ. ಕೊರೆತ, ಲಾಗಿಂಗ್, ಗಟ್ಟಿ ಪೈಪು, ಫಿಲ್ಟರ್ ಪೈಪು, ಜಲ್ಲಿ, ಸೀಲು, ತೊಳೆಯುವ ಗಂಟೆಗಳು, ಎಲ್ಲಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಿ. ಅದೇ ಬೀದಿಯ ನಾಲ್ಕು ಮನೆಗಳಿಗೆ ಹೋಗಿ ಅವರ ನೀರನ್ನು ಮೇ ತಿಂಗಳಲ್ಲಿ ರುಚಿ ನೋಡಿ. ಕೇಂದ್ರ ಅಂತರ್ಜಲ ಮಂಡಳಿಯ ಪಶ್ಚಿಮ ಮಧ್ಯ ವಲಯದ ಕಚೇರಿ ಅಹಮದಾಬಾದಿನಲ್ಲೇ ಇದೆ, ಅದರ ಜಿಲ್ಲಾವಾರು ವರದಿಗಳು ಸಾರ್ವಜನಿಕವಾಗಿವೆ. ಬಂದ ನೀರನ್ನು ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ ಕರಗಿದ ಲವಣ 500 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2000 ಮಿತಿ. ಫ್ಲೋರೈಡ್ 1.5 ದಾಟಲೇಬಾರದು.

ತೆರೆದ ಬೋರ್‌ಗಳಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನಗಳು ದೇಶಕ್ಕೆಲ್ಲ ಅನ್ವಯ: 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು, ಕೆಲಸದ ಜಾಗಕ್ಕೆ ಬೇಲಿ ಬೇಕು, ವಿಫಲವಾದ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕು. ರಿಗ್ ಲಾರಿ ಹೊರಡುವ ಮೊದಲು ಎರಡು ಕಾಗದ ಕೇಳಿ ಪಡೆಯಿರಿ. ಒಂದು, ಎಷ್ಟು ಅಡಿಯಲ್ಲಿ ಯಾವ ಪದರವಿತ್ತೆಂಬ ದಾಖಲೆ. ಇನ್ನೊಂದು, ಯಾವ ಆಳದಲ್ಲಿ ಯಾವ ಪೈಪು ಇಳಿಸಿದ್ದಾರೆಂಬ ನಕ್ಷೆ. ಅವು ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.