ಹಾಲಿನ ಕ್ಯಾನಿನ ಬೆಸುಗೆಗೆ ಮನೆಗೊಂದು ಟಿಗ್ ಯಂತ್ರ ಬೇಕೆ?



ಹಾಲು ಕರೆಯುವುದು ಎಷ್ಟು ಮುಖ್ಯವೋ, ಕರೆದ ಹಾಲನ್ನು ಚೆಲ್ಲದೆ, ಕೆಡದೆ ಡೈರಿಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ, ಹೆಸರಘಟ್ಟದ ಕಡೆ ಹಸು ಕಟ್ಟಿರುವ ಮನೆಗಳಿಗೆ 40 ಲೀಟರಿನ ಅಲ್ಯೂಮಿನಿಯಂ ಕ್ಯಾನು ಹಳೆಯ ಗೆಳೆಯ. ಈಗ ಸ್ಟೀಲಿನ ಕ್ಯಾನು ಬಂದಿದೆ, ಊರಿನಲ್ಲೇ ಹಾಲು ತಣಿಸುವ ದೊಡ್ಡ ತೊಟ್ಟಿಗಳೂ ಬಂದಿವೆ. ಆದರೂ ಹಗುರವಾದ ಅಲ್ಯೂಮಿನಿಯಂ ಕ್ಯಾನನ್ನು ಬಿಟ್ಟವರು ಕಡಿಮೆ. ಅದು ಗಾಡಿಯಿಂದ ಬಿದ್ದರೆ ಕತ್ತಿನ ಹತ್ತಿರ ಸೀಳುತ್ತದೆ. ನೆಲಕ್ಕೆ ಕುಕ್ಕಿ ಕುಕ್ಕಿ ತಳದ ಬಳೆ ಬಿರಿಯುತ್ತದೆ. ಆಗ ಏನು ಮಾಡೋದು?

ಪೀಣ್ಯ ಪಕ್ಕದಲ್ಲೇ ಇದೆ. ಅಲ್ಲಿ ವೆಲ್ಡಿಂಗ್ ಅಂಗಡಿಗಳಿಗೂ, ವೆಲ್ಡಿಂಗ್ ಯಂತ್ರ ಮಾರುವವರಿಗೂ ಬರವಿಲ್ಲ. ಕೈಯಲ್ಲಿ ಹಿಡಿದೊಯ್ಯುವಷ್ಟು ಸಣ್ಣ ಟಿಗ್ ಯಂತ್ರ ಕಂಡಾಗ, ಹಾಲಿನ ಬಟವಾಡೆ ಹಣವೂ ಜೇಬಿನಲ್ಲಿದ್ದಾಗ, "ಒಂದು ಕೊಂಡುಬಿಡೋಣ, ಕ್ಯಾನೂ ಆಯಿತು, ಏಣಿಯೂ ಆಯಿತು" ಎಂದು ಮನಸ್ಸು ಎಳೆಯುವುದು ಸಹಜ. ಕೊಳ್ಳಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ತಿಳಿಯದೆ ಕೊಂಡ ಯಂತ್ರ ಮನೆಯ ಮೂಲೆ ಸೇರುತ್ತದೆ, ಹಣ ಮಾತ್ರ ಹಿಂದಕ್ಕೆ ಬಾರದು. ಆದುದರಿಂದ ಕೊಳ್ಳುವ ಮೊದಲು ತಿಳಿಯತಕ್ಕ ನಾಲ್ಕು ಮಾತನ್ನು ಇಂದು ವಿವರಿಸುತ್ತೇವೆ.

ಮೊದಲು ಲೋಹದ ಗುಣ ನೋಡೋಣ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಕರಗುತ್ತದೆ. ಆದರೆ ಗಾಳಿ ತಗುಲಿದೊಡನೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಇದೇ ಅಲ್ಯೂಮಿನಾ. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬಿಳಿಯ ಪುಡಿಯೂ ಇದೇ ವಸ್ತು. ಈ ಪೊರೆ ಕರಗಲು 2000 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ನೋಡಿದಿರಾ ತೊಡಕು? ಒಳಗಿನ ಲೋಹ ನೀರಾಗಿ ಹರಿದರೂ ಮೇಲಿನ ಪೊರೆ ಹಾಗೇ ನಿಂತಿರುತ್ತದೆ. ಹಾಲಿನ ಮೇಲೆ ಕೆನೆ ಇದ್ದಂತೆ ಎನ್ನಿ. ಅಂಚಿಗೆ ಅಂಚು ಕೂಡುವುದೇ ಇಲ್ಲ. ಇನ್ನೂ ಕಾಯಿಸಿದರೆ ಇದ್ದಕ್ಕಿದ್ದಂತೆ ತೂತು ಬೀಳುತ್ತದೆ. ಗೇಟು, ಕಿಟಕಿಗೆ ಬಳಸುವ ಕಬ್ಬಿಣದ ಕಡ್ಡಿ ಬೆಸುಗೆ ಇಲ್ಲಿಗೆ ಒಗ್ಗದಿರಲು ಇದೇ ಕಾರಣ.

ಟಿಗ್ ಎಂಬ ವಿಧಾನದಲ್ಲಿ ಟಂಗ್‌ಸ್ಟನ್ ಲೋಹದ ಮೊನೆಯಿಂದ ಆರ್ಕ್ ಹೊರಡುತ್ತದೆ. ಟಂಗ್‌ಸ್ಟನ್ ಕರಗಲು ಸುಮಾರು 3400 ಡಿಗ್ರಿ ಬೇಕಾದ್ದರಿಂದ ಮೊನೆ ನಿಲ್ಲುತ್ತದೆ, ಕೆಲಸದ ಲೋಹ ಕರಗುತ್ತದೆ. ಸುತ್ತಲೂ ಆರ್ಗಾನ್ ಅನಿಲ ಹರಿದು ಗಾಳಿಯನ್ನು ದೂರವಿಡುತ್ತದೆ. ಇನ್ನೊಂದು ಕೈಯಲ್ಲಿ ತುಂಬುವ ತಂತಿ ಹಿಡಿದು ಹನಿಹನಿಯಾಗಿ ಸೇರಿಸಬೇಕು. ಅಮೆರಿಕದ ವಿಮಾನ ಕಾರ್ಖಾನೆಯೊಂದರಲ್ಲಿ ರಸೆಲ್ ಮೆರಡಿತ್ ಎಂಬವರು 1940ರ ದಶಕದ ಆರಂಭದಲ್ಲಿ ಹಗುರ ಲೋಹಗಳಿಗೆಂದು ಇದನ್ನು ರೂಢಿಗೆ ತಂದರು. ವಿಮಾನಕ್ಕೆಂದು ಹುಟ್ಟಿದ್ದು ಇಂದು ಹಾಲಿನ ಕ್ಯಾನಿಗೂ ಬಂದಿದೆ.

ಈಗ ಮುಖ್ಯವಾದ ಮಾತಿಗೆ ಬರೋಣ. ದಯವಿಟ್ಟು ಗಮನವಿಟ್ಟು ಓದಿ. ಟಿಗ್ ಯಂತ್ರಗಳಲ್ಲಿ ಎರಡು ಜಾತಿ. ಒಂದು ಡಿಸಿ ಮಾತ್ರ ಕೊಡುವುದು, ಇನ್ನೊಂದು ಎಸಿ, ಡಿಸಿ ಎರಡನ್ನೂ ಕೊಡುವುದು. ಡಿಸಿ ಯಂತ್ರ ಕಬ್ಬಿಣ, ಸ್ಟೀಲುಗಳಿಗೆ ಒಳ್ಳೆಯದು. ಅಲ್ಯೂಮಿನಿಯಮ್ಮಿನ ಸಾಮಾನ್ಯ ಕೆಲಸಕ್ಕೆ ಎಸಿ ಬೇಕೇ ಬೇಕು. ಯಾಕೆ ಅಂದರೆ, ಎಸಿ ಕರೆಂಟು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಒಂದು ದಿಕ್ಕಿನಲ್ಲಿ ಹರಿಯುವಾಗ ಮೇಲಿನ ಪೊರೆ ಒಡೆದು ಚದುರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಶಾಖ ಒಳಗೆ ಇಳಿದು ಲೋಹ ಬೆಸೆಯುತ್ತದೆ. ಕಳೆ ಕೀಳುವ ಕೈ ಒಂದು, ಬೀಜ ಬಿತ್ತುವ ಕೈ ಇನ್ನೊಂದು ಇದ್ದಂತೆ. ಡಿಸಿಯಲ್ಲಿ ಈ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ.

ಅಗ್ಗದ ಬೆಲೆಗೆ ಸಿಗುವ ಸಣ್ಣ ಟಿಗ್ ಯಂತ್ರಗಳಲ್ಲಿ ಬಹಳಷ್ಟು ಡಿಸಿ ಮಾತ್ರದವು. ಪೆಟ್ಟಿಗೆಯ ಮೇಲೆ "ಟಿಗ್ 200" ಎಂದು ಬರೆದಿದ್ದರೆ ಅದು 200 ಆಂಪಿಯರಿನ ಮಾತೇ ಹೊರತು ಎಸಿ ಇದೆ ಎಂದಲ್ಲ. ಗೋಡೆಯ ಪ್ಲಗ್ಗಿನಿಂದ ಬರುವುದು ಎಸಿ ತಾನೇ ಎಂದು ಕೆಲವರು ಕೇಳುತ್ತಾರೆ. ಒಳಗೆ ಹೋಗುವ ಕರೆಂಟು ಬೇರೆ, ಮೊನೆಯಲ್ಲಿ ಹೊರಬರುವ ಕರೆಂಟು ಬೇರೆ. ಯಂತ್ರದ ಮುಖದ ಮೇಲೆ ಎಸಿ, ಡಿಸಿ ಬದಲಿಸುವ ಗುಂಡಿ ಇದೆಯೇ ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಮನೆಯಿಂದ ಹಳೇ ಕ್ಯಾನಿನ ತುಂಡೊಂದನ್ನು ತೆಗೆದುಕೊಂಡು ಹೋಗಿ, "ಸ್ವಾಮಿ, ಇದನ್ನು ನನ್ನ ಕಣ್ಣೆದುರಿಗೆ ಬೆಸೆದು ತೋರಿಸಿ" ಎಂದು ಕೇಳಿ. ತೋರಿಸಿದರೆ ಮುಂದಿನ ಮಾತು, ಇಲ್ಲವಾದರೆ ಆ ಯಂತ್ರ ನಿಮಗಲ್ಲ.

ಎರಡನೆಯದು ಯಂತ್ರದ ಶಕ್ತಿ. ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ಒರಟು ಲೆಕ್ಕ. 3 ಮಿಲಿಮೀಟರ್ ತಗಡಿಗೆ 120 ಆಂಪಿಯರ್ ಆಯಿತು. ಹೀಗಾಗಿ 200 ಆಂಪಿಯರಿನ ಯಂತ್ರ ನಮ್ಮ ಕೆಲಸಕ್ಕೆ ಧಾರಾಳ. "60 ಶೇಕಡ" ಎಂದು ಬರೆದಿದ್ದರೆ ಆ ಕರೆಂಟಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ ಎಂದರ್ಥ. ಕಾಲಿನಲ್ಲಿ ಒತ್ತಿ ಕರೆಂಟು ಹೆಚ್ಚು ಕಡಿಮೆ ಮಾಡುವ ಪೆಡಲ್ ಇದ್ದರೆ ಹೊಸಬರಿಗೆ ಬಹಳ ಅನುಕೂಲ. ಅಲ್ಯೂಮಿನಿಯಂ ಬೇಗ ಶಾಖ ಹರಡುತ್ತದೆ. ಆರಂಭದಲ್ಲಿ ಹೆಚ್ಚು ಬೇಕು, ಕೊನೆಗೆ ಕಡಿಮೆ ಮಾಡಬೇಕು.

ಮನೆಯ ವಿದ್ಯುತ್ತು ಇದನ್ನು ತಾಳೀತೆ? 200 ಆಂಪಿಯರಿನಲ್ಲಿ ನಡೆಸಿದರೆ ಯಂತ್ರ ಸುಮಾರು 5 ಕಿಲೋವ್ಯಾಟ್ ಎಳೆಯಬಹುದು. ಒಂದೆರಡು ಕಿಲೋವ್ಯಾಟಿಗೆ ಮಂಜೂರಾದ ಮನೆಯ ಮೀಟರಿಗೆ ಇದು ಭಾರ. ತೆಳು ತಂತಿ ಕಾಯ್ದು ಬೆಂಕಿ ಹತ್ತುವ ಅಪಾಯವೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಲೋಡ್ ಹೆಚ್ಚಿಸಿಕೊಳ್ಳಿ, ಸರಿಯಾದ ಅರ್ತಿಂಗ್ ಹಾಕಿಸಿ. ಪಂಪ್‌ಸೆಟ್ಟಿಗೆ ಕೊಟ್ಟ ಸಾಲಿನಿಂದ ವೆಲ್ಡಿಂಗ್ ಮಾಡತಕ್ಕದ್ದಲ್ಲ. ಅದು ನೀರಾವರಿಗೆಂದು ಕೊಟ್ಟದ್ದು.

ಮೂರನೆಯದು ಅನಿಲದ ಲೆಕ್ಕ. ಯಂತ್ರದ ಬೆಲೆ ಕೇಳಿದವರು ಸಿಲಿಂಡರಿನ ಬೆಲೆ ಕೇಳಲು ಮರೆಯುತ್ತಾರೆ. ಸಾಮಾನ್ಯವಾದ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7000 ಲೀಟರ್ ಆರ್ಗಾನ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹರಿಸಿದರೆ 700 ನಿಮಿಷ, ಸುಮಾರು ಹನ್ನೊಂದೂವರೆ ಗಂಟೆ ಬರುತ್ತದೆ. ಗಾಳಿ ಬೀಸುವ ಜಗಲಿಯಲ್ಲಿ ಕೆಲಸಕ್ಕೆ ಕುಳಿತರೆ ಅನಿಲವೆಲ್ಲ ಹಾರಿ ಬೆಸುಗೆ ಕಪ್ಪಾಗುತ್ತದೆ. ಶುದ್ಧ ಆರ್ಗಾನನ್ನೇ ಕೊಳ್ಳಿ, ಕಬ್ಬಿಣಕ್ಕೆ ಬಳಸುವ ಬೆರಕೆ ಅನಿಲ ನಡೆಯದು. ಸಿಲಿಂಡರಿನ ಮೇಲೆ ಪರೀಕ್ಷೆಯ ತಾರೀಖು ಕೊರೆದಿರುತ್ತದೆ, ಅದನ್ನು ನೋಡಿ. ಸದಾ ನಿಲ್ಲಿಸಿ ಸರಪಳಿಯಿಂದ ಕಟ್ಟಿ. ಸ್ಕೂಟರಿನ ಕಾಲ ಬಳಿ ಮಲಗಿಸಿಕೊಂಡು ತರುವ ಸಾಹಸ ಬೇಡ.

ನಾಲ್ಕನೆಯದು ಕೆಲಸದ ರೀತಿ. ಬೆಸುಗೆಯ ಅರ್ಧ ಗುಟ್ಟು ಶುಚಿಯಲ್ಲಿದೆ. ಕ್ಯಾನಿಗೆ ನೀರು ತುಂಬಿ, ಹೊರಗೆ ಸೀಮೆಸುಣ್ಣ ಬಳಿದರೆ ಒದ್ದೆಯಾಗುವ ಕಡೆ ಬಿರುಕು ಇದೆ ಎಂದು ತಿಳಿಯುತ್ತದೆ. ಒಳಗೆ ಕಟ್ಟಿದ ಹಾಲಿನ ಜಿಡ್ಡು, ಬಿಳಿಯ ಪೊರೆ ಎಲ್ಲ ಹೋಗುವಂತೆ ತೊಳೆದು ಪೂರ್ತಿ ಒಣಗಿಸಿ. ಬಿರುಕು ಮುಂದಕ್ಕೆ ಓಡದಂತೆ ಅದರ ಎರಡು ತುದಿಗೂ ಸಣ್ಣ ರಂಧ್ರ ಕೊರೆಯಿರಿ. ಅಲ್ಯೂಮಿನಿಯಮ್ಮಿಗೆಂದೇ ಇಟ್ಟ ಸ್ಟೀಲ್ ಬ್ರಷ್ಷಿನಿಂದ ಹೊಳೆಯುವ ತನಕ ಉಜ್ಜಿ. ಕಬ್ಬಿಣ ಉಜ್ಜಿದ ಬ್ರಷ್ಷು ಮುಟ್ಟಿಸಬೇಡಿ. ತುಂಬುವ ತಂತಿಯಲ್ಲಿ 4043 ಎಂಬುದು ಸಿಲಿಕಾನ್ ಬೆರೆತದ್ದು, 5356 ಎಂಬುದು ಮೆಗ್ನೀಷಿಯಂ ಬೆರೆತದ್ದು. ಲೋಹದ ಜಾತಿ ನೋಡಿ ಆರಿಸಬೇಕು. ಮೀನುಗಾರಿಕೆಗೆ ಅಲ್ಯೂಮಿನಿಯಂ ದೋಣಿ ಇಟ್ಟವರಿಗೂ ಇದೇ ವಿಧಾನ. ದೋಣಿಯ ತಗಡಿನಲ್ಲಿ ಸಾಮಾನ್ಯವಾಗಿ ಮೆಗ್ನೀಷಿಯಂ ಇರುವುದರಿಂದ ಅದಕ್ಕೆ 5356 ಹೊಂದುತ್ತದೆ.

ಬೆಸೆದ ಮೇಲೆ ಒಳಭಾಗ ಕೈಗೆ ನಯವಾಗುವಂತೆ ಉಜ್ಜಬೇಕು. ಉಬ್ಬುತಗ್ಗು ಉಳಿದರೆ ಅಲ್ಲಿ ಹಾಲು ನಿಂತು ಹುಳಿಯುತ್ತದೆ, ಒಂದು ಕ್ಯಾನಿನ ಹುಳಿ ಇಡೀ ಹಾಲನ್ನು ಕೆಡಿಸುತ್ತದೆ. ಒಳಗೆ ಗುಳಿಗುಳಿ ಬಿದ್ದ ಕ್ಯಾನನ್ನು ಬೆಸೆಯಲೇಬೇಡಿ, ಗುಜರಿಗೆ ಕೊಟ್ಟುಬಿಡಿ. ತಾಯಂದಿರೇ, ಕಾಸ್ಟಿಕ್ ಸೋಡ, ಬೂದಿಯಂಥ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಕ್ಯಾನು ತೊಳೆಯಲು ಅವನ್ನು ಬಳಸಬೇಡಿ.

ಅಪಾಯದ ಮಾತನ್ನೂ ಹೇಳಬೇಕು. ಆರ್ಕಿನ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ಹೊಳೆಯುವ ಅಲ್ಯೂಮಿನಿಯಂ ಆ ಬೆಳಕನ್ನು ಹಿಂದಕ್ಕೆ ಹೊಡೆಯುವುದರಿಂದ ಮುಖವಾಡ, ಕೈಗವಸು, ತುಂಬುತೋಳಿನ ಹತ್ತಿ ಅಂಗಿ ತಪ್ಪಬಾರದು. ಮಕ್ಕಳನ್ನೂ ದನಗಳನ್ನೂ ದೂರವಿಡಿ. ಆರ್ಗಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಕ್ಯಾನಿನೊಳಗೂ ಮುಚ್ಚಿದ ಕೋಣೆಯಲ್ಲೂ ತುಂಬಿಕೊಂಡರೆ ಉಸಿರಾಡುವ ಗಾಳಿಯೇ ಇರದು. ಬೆಸೆದ ಕೂಡಲೇ ಕ್ಯಾನಿನೊಳಗೆ ತಲೆ ಹಾಕಬೇಡಿ. ಮುಚ್ಚಳ ಬಿಗಿದ ಕ್ಯಾನನ್ನು ಎಂದೂ ಬೆಸೆಯಬೇಡಿ.

ಇನ್ನು ಆದಾಯ ವೆಚ್ಚ. ಲೆಕ್ಕ ತಿಳಿಯಲೆಂದು ಮಾತ್ರ ಹೀಗೆ ಇಟ್ಟುಕೊಳ್ಳೋಣ. ಯಂತ್ರ, ಸಿಲಿಂಡರ್, ಮುಖವಾಡ ಎಲ್ಲ ಸೇರಿ 60,000 ರೂಪಾಯಿ. ಅಂಗಡಿಯವನು ಒಂದು ಬಿರುಕಿಗೆ 300 ರೂಪಾಯಿ ಕೇಳುತ್ತಾನೆ. ನಿಮ್ಮ ಮನೆಯಲ್ಲಿ ವರ್ಷಕ್ಕೆ ನಾಲ್ಕು ಬಿರುಕು ಬಂದರೆ ಉಳಿಯುವುದು 1,200 ರೂಪಾಯಿ. ಯಂತ್ರದ ಹಣ ತೀರಲು 50 ವರ್ಷ ಬೇಕು! ಅದೇ ಹಾಲು ಉತ್ಪಾದಕರ ಸಂಘದ ಸದಸ್ಯರೆಲ್ಲ ಸೇರಿ ವರ್ಷಕ್ಕೆ ನೂರು ಕೆಲಸ ತಂದರೆ 30,000 ರೂಪಾಯಿ ಆಯಿತು. ಅನಿಲ, ತಂತಿ, ಕರೆಂಟಿಗೆ 10,000 ಕಳೆದರೂ ಮೂರು ವರ್ಷದಲ್ಲಿ ಯಂತ್ರ ನಿಮ್ಮದು. ಇಲ್ಲಿ ನಿಮ್ಮ ಊರಿನ ನಿಜವಾದ ದರ ಹಾಕಿ, ನೀವೇ ಕೂಡಿ ಕಳೆದು ನೋಡಿ.

ಆದುದರಿಂದ ಒಂದೆರಡು ಹಸುವಿನ ಮನೆಯವರು ಯಂತ್ರದ ಗೋಜಿಗೆ ಹೋಗದೆ, ಎಸಿ ಟಿಗ್ ಬಲ್ಲ ಅಂಗಡಿಗೆ ಕ್ಯಾನು ಒಯ್ಯುವುದೇ ಲೇಸು. ಕೊಳ್ಳಬೇಕೆಂದಿದ್ದರೆ ಹತ್ತು ಮನೆ ಸೇರಿ ಕೊಳ್ಳಿ. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು. ಊರಿನ ಹುಡುಗನೊಬ್ಬ ಅದನ್ನು ಮುಗಿಸಿ ಬಂದರೆ ನಿಮ್ಮ ಕ್ಯಾನಿಗೆ ಬೆಸುಗೆಯೂ ಆಯಿತು, ಅವನಿಗೆ ಮನೆಬಾಗಿಲಲ್ಲೇ ಕಸುಬೂ ಆಯಿತು. ಯಂತ್ರ ಎಷ್ಟೇ ಒಳ್ಳೆಯದಾದರೂ ಬೆಸೆಯುವುದು ಪಳಗಿದ ಕೈ.

ಅಂಗಡಿಯ ಮೆಟ್ಟಿಲು ಹತ್ತುವಾಗ ನಾಲ್ಕು ಪ್ರಶ್ನೆ ನೆನಪಿರಲಿ: ಎಸಿ ಇದೆಯೇ? ಮನೆಯ ವಿದ್ಯುತ್ತು ತಾಳುತ್ತದೆಯೇ? ಆರ್ಗಾನಿಗೆ ಎಷ್ಟು? ವರ್ಷಕ್ಕೆ ಎಷ್ಟು ಕೆಲಸ? ನಾಲ್ಕಕ್ಕೂ ತೃಪ್ತಿಯಾದ ಉತ್ತರ ಸಿಕ್ಕ ಮೇಲೆ ಹಣ ಎಣಿಸಿ.

ನಿಮ್ಮ ಹೈನು ಹೆಚ್ಚಲಿ, ಕ್ಯಾನು ಸೋರದಿರಲಿ.