ಬಾಗಿಲಲ್ಲೇ ಕನ್ನಡಿ ಹಿಡಿದ ಕ್ಲಬ್ಬು

1985ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ‘ಟಬೂ’ ಎಂಬ ನೈಟ್‌ಕ್ಲಬ್ ಶುರುವಾಯಿತು. ಒಳಹೋಗಲು ದುಡ್ಡಿದ್ದರೆ ಸಾಲದು, ವೇಷ ಬೇಕು. ಸಪ್ಪೆ ಬಟ್ಟೆಯವರ ಮುಖಕ್ಕೆ ಬಾಗಿಲು ಕಾಯುವವನು ಕನ್ನಡಿ ಹಿಡಿಯುತ್ತಿದ್ದ. ಇದರ ಸೂತ್ರಧಾರ ಆಸ್ಟ್ರೇಲಿಯಾದಿಂದ ಬಂದ ಲೀ ಬವರಿ. ಬೋಳುತಲೆಯಿಂದ ಬಣ್ಣ ಇಳಿಬಿಟ್ಟುಕೊಂಡು, ಮೈಯನ್ನೇ ಕಲಾಕೃತಿ ಮಾಡಿಕೊಂಡಿದ್ದ ಆಜಾನುಬಾಹು.

ಈ ಲೋಕವನ್ನು ರಂಗಕ್ಕೆ ತಂದವನು ಕಲ್ಚರ್ ಕ್ಲಬ್ ಬ್ಯಾಂಡಿನ ಗಾಯಕ ಬಾಯ್ ಜಾರ್ಜ್. 2002ರಲ್ಲಿ ಅದೇ ಚೌಕದ ಪಕ್ಕದ ಪುಟ್ಟ ರಂಗಮಂದಿರದಲ್ಲಿ ‘ಟಬೂ’ ಸಂಗೀತ ನಾಟಕ ಮೊದಲಾಯಿತು. ತಮಾಷೆ ನೋಡಿ: ಜಾರ್ಜ್ ಪಾತ್ರ ಸಿಕ್ಕಿದ್ದು ಯೂಅನ್ ಮಾರ್ಟನ್‌ಗೆ, ಸ್ವತಃ ಜಾರ್ಜ್ ಮುಂದೆ ಬಣ್ಣ ಹಚ್ಚಿದ್ದು ಬವರಿಯಾಗಿ!

ಬ್ರಾಡ್‌ವೇಯಲ್ಲಿ ಅದೃಷ್ಟ ಕೈಕೊಟ್ಟಿತು. ನಿರ್ಮಾಪಕಿ ರೋಸಿ ಓಡಾನಲ್ 1 ಕೋಟಿ ಡಾಲರ್ ಸುರಿದರೂ, 2003ರ ನವೆಂಬರಿನಲ್ಲಿ ಆರಂಭವಾದ ನಾಟಕ 100 ಪ್ರದರ್ಶನಗಳಿಗೇ ನಿಂತಿತು. ಅದರ ಸಂಗೀತಕ್ಕೆ ಟೋನಿ ಪ್ರಶಸ್ತಿಯ ನಾಮನಿರ್ದೇಶನವಂತೂ ದಕ್ಕಿತು.