ಮುಖಭಾವ ಮತ್ತು ದಾಂಪತ್ಯ ತೃಪ್ತಿ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ದಂಪತಿಗಳ ಮುಖಭಾವದಿಂದ ಅವರ ದಾಂಪತ್ಯದ ತೃಪ್ತಿಯನ್ನು ಅರಿಯುವ ಪ್ರಯತ್ನಕ್ಕೆ ಶಾಸ್ತ್ರೀಯ ತಳಹದಿ ದೊರೆತದ್ದು ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ 1978ರಲ್ಲಿ ಮುಖದ ಸ್ನಾಯುಚಲನೆಗಳನ್ನು ಗುರುತಿಸುವ ಕ್ರಮವನ್ನು ಪ್ರಕಟಿಸಿದ ಮೇಲೆ. ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ ಪತಿಪತ್ನಿಯರನ್ನು ಎದುರುಬದುರು ಕೂರಿಸಿ, ಅವರ ನಡುವಿನ ಭಿನ್ನಾಭಿಪ್ರಾಯವೊಂದನ್ನು ಚರ್ಚಿಸಲು ಹೇಳಿ, ಮುಖಗಳನ್ನು ಚಿತ್ರೀಕರಿಸಿದರು. ಗಾಟ್‌ಮನ್ ಅವರ ಪ್ರಕಾರ ದಾಂಪತ್ಯಕ್ಕೆ ಕೋಪಕ್ಕಿಂತ ತಿರಸ್ಕಾರವೇ ಹೆಚ್ಚು ಮಾರಕ. ತುಟಿಯ ಒಂದು ಅಂಚು ಮಾತ್ರ ಬಿಗಿದು ಮೇಲೇರುವುದು ಅದರ ಲಕ್ಷಣ.

ಈ ವಿವೇಚನೆ ಕನ್ನಡದ ಆಡುಮಾತಿಗೆ ಹೊಸದಲ್ಲ. ಮುಖ ಗಂಟಿಕ್ಕುವುದು ಕೋಪ. ಮುಖ ಊದಿಸಿಕೊಳ್ಳುವುದು ಮುನಿಸು; ಸಂಗಾತಿ ಬಂದು ಸಮಾಧಾನಪಡಿಸಲಿ ಎಂಬ ನಿರೀಕ್ಷೆ ಅದರಲ್ಲಿದೆ. ಮೂತಿ ತಿರುವುವುದರಲ್ಲಿ ಆ ನಿರೀಕ್ಷೆ ಇಲ್ಲ, ತಾತ್ಸಾರವಿದೆ. ಮುಖ ಕೊಟ್ಟು ಮಾತನಾಡದಿರುವುದು ಇನ್ನೂ ಮುಂದಿನ ಹಂತ. ಮುನಿಸನ್ನೂ ತಾತ್ಸಾರವನ್ನೂ ‘ನಕಾರಾತ್ಮಕ ಭಾವ’ ಎಂಬ ಒಂದೇ ಕಲಮಿನಲ್ಲಿ ಎಣಿಸುವ ಪ್ರಶ್ನಾವಳಿ ಈ ವ್ಯತ್ಯಾಸವನ್ನೇ ಕಳೆದುಬಿಡುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೃಷಿಕ ಕುಟುಂಬಗಳಿಗೆ ಪ್ರಯೋಗಾಲಯದ ಈ ಕ್ರಮವನ್ನು ಹಾಗೆಯೇ ಅನ್ವಯಿಸಲಾಗದು. ಎಕ್ಮನ್ ಮತ್ತು ಫ್ರೀಸನ್ 1969ರಲ್ಲೇ ಹೇಳಿದಂತೆ, ಯಾವ ಭಾವವನ್ನು ಯಾರೆದುರು ತೋರಬೇಕೆಂಬುದಕ್ಕೆ ಪ್ರತಿ ಸಮಾಜದಲ್ಲೂ ನಿಯಮಗಳಿವೆ. ಅತ್ತೆಮಾವಂದಿರ ಎದುರು ಗಂಡಹೆಂಡಿರು ಸಲಿಗೆ ತೋರುವುದನ್ನು ಇಲ್ಲಿನ ಹಿಂದಿನ ತಲೆಮಾರು ಒಪ್ಪುತ್ತಿರಲಿಲ್ಲ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದ ಹೆಂಗಸಿನ ನಿರ್ಭಾವ ಮುಖವನ್ನು ಅತೃಪ್ತಿಯೆಂದು ಓದುವಂತಿಲ್ಲ. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನ 1958 ಮತ್ತು 1960ರ ವಾರ್ಷಿಕ ಸಂಚಿಕೆಗಳ ಭಾವಚಿತ್ರಗಳಲ್ಲಿ ಕಣ್ಣಂಚಿನವರೆಗೆ ನಕ್ಕವರು 52ರ ವಯಸ್ಸಿನಲ್ಲಿ ಹೆಚ್ಚು ದಾಂಪತ್ಯತೃಪ್ತಿ ಸೂಚಿಸಿದರೆಂದು ಲೀಆನ್ ಹಾರ್ಕರ್ ಮತ್ತು ಡಾಕರ್ ಕೆಲ್ಟ್ನರ್ 2001ರಲ್ಲಿ ವರದಿ ಮಾಡಿದರು. ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕುಳಿತ ನಮ್ಮ ಸೀಮೆಯ ಮದುಮಗಳ ಹಳೆಯ ಛಾಯಾಚಿತ್ರಕ್ಕೆ ಈ ಅಳತೆಗೋಲು ದಕ್ಕುವುದಿಲ್ಲ. ಅಲ್ಲಿ ನಕ್ಕಿದ್ದರೆ ನೆಂಟರಿಷ್ಟರಿಗೆ ಅದೇ ಮಾತಾಗುತ್ತಿತ್ತು. ಇನ್ನು ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಬೆಂಕಿ ಆರದಂತೆ ಹಗಲಿರುಳು ಕಾಯುವ ದಿನಗಳಲ್ಲಿ ದಂಪತಿಗಳ ಮಾತುಕತೆ ನಡೆಯುವುದು ಒಲೆಯ ಕಡೆ ಮುಖ ಮಾಡಿ, ಪಕ್ಕಪಕ್ಕದಲ್ಲಿ.

ಇದರ ಮತ್ತೊಂದು ಮುಖ ಹೆಚ್ಚು ಗಂಭೀರವಾದುದು. ಮನೆಯ ಮಾತು ಹೊಸಿಲು ದಾಟಬಾರದೆಂದು ಕಲಿತವಳು ನೋವನ್ನು ನಸುನಗುತ್ತಲೇ ಹೇಳಬಹುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ರೂಪುಗೊಂಡ ಕಾಯ್ದೆಯಡಿ ದೂರು ಆಲಿಸುವವರು ಆ ನಗೆಯನ್ನು ಕಂಡು ದೂರನ್ನು ಹಗುರವಾಗಿ ಎಣಿಸಿದರೆ ಆಕೆಗೆ ರಕ್ಷಣೆಯೇ ತಪ್ಪುತ್ತದೆ. ಆದುದರಿಂದ ಈ ಭಾಗದಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರು ದಂಪತಿಗಳನ್ನು ಬೇರೆಬೇರೆಯಾಗಿ, ಹಿರಿಯರಿಲ್ಲದ ವೇಳೆಯಲ್ಲಿ ಮಾತನಾಡಿಸುವುದು, ಮುಖಭಾವದ ಜೊತೆಗೆ ಅದು ಯಾರೆದುರು ತೋರಿತು ಎಂಬುದನ್ನೂ ದಾಖಲಿಸುವುದು ಅಗತ್ಯ.